ಹೂಳಿನ ಅಂದಾಜು ಪಟ್ಟಿಗೆ ಇನ್ನೊಂದು ಸಾಲು

ಕೆರೆ ಹೂಳೆತ್ತುವ ಕಾಮಗಾರಿಗೆ ಅಂದಾಜು ಪಟ್ಟಿ ಬರೆಯುವ ಎಂಜಿನಿಯರ್ ಮಿತ್ರರಿಗೆ, ಅದಕ್ಕೆ ಸಹಿ ಹಾಕುವ ಮೇಲಧಿಕಾರಿಗಳಿಗೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಕೆರೆಗಳನ್ನು ದತ್ತು ತೆಗೆದುಕೊಳ್ಳುವ ಸಂಘ ಸಂಸ್ಥೆಗಳಿಗೆ,

ಮಾನ್ಯರೇ,

ಶಿವರಾತ್ರಿ ಕಳೆಯುತ್ತಿದ್ದಂತೆ ನಿಮ್ಮ ಮೇಜಿನ ಮೇಲೆ ಕೆರೆಗಳ ಕಡತ ಏರತೊಡಗುತ್ತದೆ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕು, ಮುಂಗಾರು ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ಈ ಎರಡು ಗಡುವುಗಳ ನಡುವೆ ಸಿಕ್ಕಿಕೊಂಡು ಮೂವತ್ತೊಂದು ವರ್ಷ ನಾನೂ ಅಂದಾಜು ಪಟ್ಟಿ ಬರೆದವನೇ. ಉದ್ದ, ಅಗಲ, ಸರಾಸರಿ ಆಳ, ಘನ ಮೀಟರ್, ಸಾಗಣೆಯ ದೂರ, ದರ, ಮೊತ್ತ. ಕಣ್ಣು ಮುಚ್ಚಿದರೆ ಆ ಏಳು ಕಲಮುಗಳ ಗೆರೆಗಳು ಈಗಲೂ ಕಾಣುತ್ತವೆ. ಆ ಏಳರಲ್ಲಿ ಹೂಳು ಎಂದರೆ ಬರೀ ಮಣ್ಣು. ಅದರೊಳಗೆ ಯಾರಾದರೂ ಮಲಗಿರಬಹುದು ಎಂಬ ಅನುಮಾನಕ್ಕೆ ಕಲಮು ಇಲ್ಲ.

ಮಲಗಿರುತ್ತಾರೆ, ಕೆರೆಯ ಆಮೆಗಳು. ಅವುಗಳ ಬಗ್ಗೆಯೇ ಈ ಪತ್ರ.

2006ರ ಏಪ್ರಿಲ್. ತುಮಕೂರು ಜಿಲ್ಲೆಯ ಒಂದು ಕೆರೆ, ಹೆಸರು ಬೇಡ. ಕೆರೆಯಂಗಳ ಪೂರ್ತಿ ಬಿರಿದು ಹಪ್ಪಳದಂತೆ ಎದ್ದಿತ್ತು. ಯಂತ್ರ ಬಂದ ಮೂರನೆಯ ದಿನ ತೂಬಿನ ಮುಂದಿನ ತಗ್ಗಿಗೆ ಕೈ ಹಾಕಿದೆವು. ಅಲ್ಲಿ ಮೇಲೆ ಒಣ ಮಣ್ಣು, ಒಂದೂವರೆ ಅಡಿ ಕೆಳಗೆ ಇನ್ನೂ ಕಪ್ಪು ಕೆಸರು, ಕೈಯಿಟ್ಟರೆ ತಂಪು. ಬಕೆಟ್ ಮೇಲೆದ್ದಾಗ ಅದರ ಅಂಚಿನಿಂದ ಒಂದು ಹೆಂಟೆ ಜಾರಿ ನೆಲಕ್ಕೆ ಬಿತ್ತು. ಬಿದ್ದ ಹೆಂಟೆ ಒಡೆಯಲಿಲ್ಲ, ನಡೆಯಿತು.

ನಾಲ್ಕು ಹೆಜ್ಜೆ ನಡೆದು ನಿಂತಿತು. ಮುಂದಿನಿಂದ ಒಂದು ಮೂತಿ ಹೊರಬಂತು. ಸಣ್ಣ ಕೊಳವೆಯಂಥ ಮೂಗು, ತುದಿಯಲ್ಲಿ ಎರಡು ಹೊಳ್ಳೆ. ಎತ್ತಿಕೊಂಡು ಮಗುಚಿದೆ. ಹಿಂಗಾಲುಗಳನ್ನು ಒಳಗೆಳೆದುಕೊಂಡ ಕೂಡಲೇ ಹೊಟ್ಟೆಯ ಕಡೆಯಿಂದ ಎರಡು ಮಡಿಕೆಗಳು ಜೋಡಿ ಬಾಗಿಲಿನ ಹಾಗೆ ಮುಚ್ಚಿಕೊಂಡವು. ಅಷ್ಟು ಅಚ್ಚುಕಟ್ಟಾದ ಬಾಗಿಲನ್ನು ನಮ್ಮ ಯಾವ ತೂಬಿಗೂ ನಾನು ಮಾಡಿಸಿದ್ದಿಲ್ಲ. ಪಾದಕ್ಕೆ ಮೂರು ಮೂರೇ ಉಗುರು. ಬೆನ್ನಿನ ಚಿಪ್ಪು ಕಲ್ಲಿನಂತಲ್ಲ, ನೆನೆಸಿದ ಚರ್ಮದಂತೆ. ಆ ಚರ್ಮದ ಬಲಬದಿಯಲ್ಲಿ ಯಂತ್ರದ ಹಲ್ಲು ಕೂತಿತ್ತು.

ಚಾಲಕ ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಹೇಳಿದ್ದು ಇಷ್ಟೇ: 'ಅದನ್ನು ಅತ್ತ ಇಡು, ಕೆಲಸ ನಿಲ್ಲಿಸಬೇಡ.' ಸಂಜೆ ಮಣ್ಣು ಸುರಿದ ಹೊಲದ ಕಡೆ ಹೋದಾಗ ಗುಡ್ಡೆಗಳ ನಡುವೆ ಅಂಥವೇ ಏಳು ಸಿಕ್ಕವು. ಮೂರಕ್ಕೆ ಜೀವವಿತ್ತು. ಗುಡ್ಡೆಗಳ ಒಳಗೆ ಎಷ್ಟಿದ್ದವೋ, ಅಗೆದು ನೋಡಲಿಲ್ಲ. ಅಳತೆ ಪುಸ್ತಕದಲ್ಲಿ ಆ ದಿನದ ಪುಟಕ್ಕೆ ನಾನು ಬರೆದದ್ದು ಘನ ಮೀಟರಿನ ಲೆಕ್ಕ ಮಾತ್ರ. ಲೆಕ್ಕ ಸರಿಯಾಗಿತ್ತು, ಬಿಲ್ಲೂ ಪಾಸಾಯಿತು.

ಹೀಗೆ ಬರೆಯುತ್ತಿರುವುದು ನಿಮ್ಮ ಮೇಲೆ ತಪ್ಪು ಹೊರಿಸಲಿಕ್ಕೆ ಎಂದುಕೊಳ್ಳಬೇಡಿ. ತಪ್ಪಿನ ಮೊದಲ ಸಹಿ ನನ್ನದು.

ನಮ್ಮ ಕೆರೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಆಮೆಗಳಿವೆ. ಮೊದಲನೆಯದು ಈಗ ಹೇಳಿದ ಮೆತ್ತನೆ ಚಿಪ್ಪಿನದು. ವಿಜ್ಞಾನಿಗಳು ಲಿಸೆಮಿಸ್ ಪಂಕ್ಟೇಟಾ ಎನ್ನುತ್ತಾರೆ. ಎರಡನೆಯದು ಕರಿ ಆಮೆ, ಮೆಲನೊಕೆಲಿಸ್ ಟ್ರೈಜುಗಾ. ಗಟ್ಟಿ ಚಿಪ್ಪು, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು, ಕೈಯಲ್ಲಿ ಹಿಡಿದರೆ ಸಿಟ್ಟಿನಿಂದ ನಾತ ಬಿಡುವ ಸ್ವಭಾವ. ಹಗಲು ಬಂಡೆಯ ಮೇಲೋ ಮುಳುಗಿದ ಕೊರಡಿನ ಮೇಲೋ ಬಿಸಿಲು ಕಾಯುತ್ತದೆ, ಕತ್ತಲಾದ ಮೇಲೆ ದಡಕ್ಕೆ ಬಂದು ಮೇಯುತ್ತದೆ. ಎರಡೂ ಏನನ್ನೂ ಬಿಡುವುದಿಲ್ಲ: ಪಾಚಿ, ಬಸವನಹುಳು, ಗೊದಮೊಟ್ಟೆ, ಸತ್ತ ಮೀನು, ಸತ್ತ ಎಮ್ಮೆಗರು. ಕೆರೆಯಲ್ಲಿ ಕೊಳೆಯುವುದನ್ನು ಕೊಳೆಯುವ ಮೊದಲೇ ಮುಗಿಸುವ ಕೆಲಸ ಅವುಗಳದು, ಸಂಬಳವಿಲ್ಲದೆ.

ಮೆತ್ತನೆಯ ಆಮೆಯ ಬದುಕಿನ ಗುಟ್ಟು ಕೆಸರಿನಲ್ಲಿದೆ. ನಮ್ಮ ಬಯಲುಸೀಮೆಯ ಕೆರೆ ವರ್ಷವಿಡೀ ನೀರು ಹಿಡಿಯುವಂಥದ್ದಲ್ಲ. ಸಂಕ್ರಾಂತಿಗೆ ಅರ್ಧ, ಯುಗಾದಿಗೆ ತಳ. ನೀರು ಇಳಿದಂತೆಲ್ಲ ಆಮೆಯೂ ಇಳಿಯುತ್ತದೆ. ಕೊನೆಗೆ ನೀರು ಎಲ್ಲಿ ನಿಂತಿರುತ್ತದೋ ಅಲ್ಲಿಯ ಕೆಸರಿನೊಳಗೆ ಹುದುಗಿ ಮಲಗುತ್ತದೆ. ಪುಸ್ತಕದ ಭಾಷೆಯಲ್ಲಿ ಇದು ಗ್ರೀಷ್ಮನಿದ್ರೆ. ಮೈಯ ಬೆಂಕಿ ಸಣ್ಣ ಮಾಡಿಕೊಂಡು, ಉಣ್ಣದೆ, ತಿಂಗಳುಗಟ್ಟಲೆ. ಮೊದಲ ದೊಡ್ಡ ಮಳೆಗೆ ಏಳುತ್ತದೆ. ಕೆರೆ ಒಣಗಿದೆ, ಇನ್ನು ಇಲ್ಲಿ ಏನೂ ಇಲ್ಲ ಎಂದು ನಾವು ಯಾವ ತಿಂಗಳಲ್ಲಿ ತೀರ್ಮಾನಿಸುತ್ತೇವೋ ಆ ತಿಂಗಳಲ್ಲೇ ಕೆರೆಯ ಆಮೆಗಳೆಲ್ಲ ಒಂದೇ ಜಾಗದಲ್ಲಿ, ಅಲುಗಾಡಲಾರದ ಸ್ಥಿತಿಯಲ್ಲಿ ಇರುತ್ತವೆ. ಆ ಜಾಗ ಸಾಮಾನ್ಯವಾಗಿ ತೂಬಿನ ಮುಂದಿನ ತಗ್ಗು. ಹೂಳು ಅತಿ ಹೆಚ್ಚು ಕೂತಿರುವುದೂ, ನಮ್ಮ ನಕ್ಷೆಯಲ್ಲಿ ಮೊದಲ ಗುರುತು ಬೀಳುವುದೂ ಅಲ್ಲಿಯೇ.

ಹಿಂದೆ ಹೂಳು ತೆಗೆಯುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ತೆಗೆಯುತ್ತಿದ್ದರು, ನಮಗಿಂತ ಶಿಸ್ತಾಗಿ. ನನ್ನ ದೊಡ್ಡಪ್ಪ ಊರಿನ ನೀರಗಂಟಿ. ಬೇಸಿಗೆಯಲ್ಲಿ ಗೋಡು ಹೊಡೆಯುವ ದಿನ ಎಂದರೆ ಕೆರೆಯಂಗಳದಲ್ಲಿ ಜಾತ್ರೆ. ಮನೆಗೊಂದು ಗಾಡಿ, ಹಾರೆ, ಗುದ್ದಲಿ, ಮಂಕರಿ. ಆ ಮಣ್ಣೇ ಹೊಲಕ್ಕೆ ಗೊಬ್ಬರ. ಗುದ್ದಲಿಗೆ ಆಮೆ ತಾಗಿದರೆ ತಾಗಿದವನಿಗೆ ಗೊತ್ತಾಗುತ್ತಿತ್ತು. ಎತ್ತಿ ಪಕ್ಕದ ಕೆಸರಿಗೆ ಹಾಕುತ್ತಿದ್ದ. ನಾಲಿಗೆ ಚಪಲವಿದ್ದವನು ಬುಟ್ಟಿಗೆ ಹಾಕುತ್ತಿದ್ದ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಒಂದು ಬೇಸಿಗೆಗೆ ಊರು ಅಗೆಯುತ್ತಿದ್ದದ್ದು ಕೆರೆಯ ಒಂದು ಮೂಲೆಯನ್ನು ಮಾತ್ರ. ಮಿಕ್ಕದ್ದು ಮಿಕ್ಕವರಿಗೆ ಉಳಿಯುತ್ತಿತ್ತು. ಈಗ ನಾಲ್ಕು ಯಂತ್ರ, ಹದಿನಾರು ಟಿಪ್ಪರು, ಇಪ್ಪತ್ತು ದಿನಕ್ಕೆ ಅರವತ್ತು ಎಕರೆ. ಎತ್ತರದ ಗಾಜಿನ ಗೂಡಿನಲ್ಲಿ ಕೂತ ಚಾಲಕನಿಗೆ ತನ್ನ ಬಕೆಟ್ಟಿನಲ್ಲಿ ಏನಿದೆಯೆಂದು ಕಾಣುವುದೂ ಇಲ್ಲ.

ಬಾವಿಯ ಆಮೆಯ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ನೀರು ಚೊಕ್ಕಟವಾಗಿರಲಿ ಎಂದು ಕೆರೆಯಿಂದ ಒಂದು ಕರಿ ಆಮೆಯನ್ನು ತಂದು ಬಾವಿಗೆ ಬಿಡುತ್ತಿದ್ದರು. ನಮ್ಮ ಹಿತ್ತಿಲ ಬಾವಿಯಲ್ಲಿ ಒಂದಿತ್ತು. ಕೊಡ ಇಳಿಸಿದಾಗ ಗೋಡೆಯ ಸಂದಿನಿಂದ ತಲೆ ಚಾಚಿ ನೋಡುತ್ತಿತ್ತು. ನಮ್ಮ ಪಾಲಿಗೆ ಅದು ಮನೆಯ ಹಿರಿಯ. ಈಗ ಯೋಚಿಸಿದರೆ ಅದಕ್ಕೆ ಜೀವಾವಧಿ ಶಿಕ್ಷೆ. ಮೊಟ್ಟೆಯಿಡಲು ಮಣ್ಣಿಲ್ಲ, ಜೊತೆಗೆ ಇನ್ನೊಂದಿಲ್ಲ. ಆದರೂ ಆಮೆ ಇರುವ ನೀರು ಒಳ್ಳೆಯ ನೀರು ಎಂಬ ನಂಬಿಕೆ ಆ ಜನರಿಗಿತ್ತು. ಕೊಳವೆಬಾವಿ ಬಂದ ಮೇಲೆ ಬಾವಿ ಕಸದ ಗುಂಡಿಯಾಯಿತು. ಆಮೆಯ ಬಗ್ಗೆ ಉಳಿದ ನಂಬಿಕೆ ಒಂದೇ, ಅದೂ ವಿಕಾರವಾದದ್ದು: ಇಪ್ಪತ್ತು ಉಗುರಿನ ಆಮೆ ಸಿಕ್ಕರೆ ನಿಧಿ ಸಿಗುತ್ತದೆ ಎಂಬುದು. ಕರಿ ಆಮೆಗೆ ಸಾಮಾನ್ಯವಾಗಿ ಇರುವುದು ಹದಿನೆಂಟು. ಇಲ್ಲದ ಎರಡು ಉಗುರಿಗಾಗಿ ಲಕ್ಷಗಟ್ಟಲೆ ಕಳೆದುಕೊಂಡು ಠಾಣೆ ಮೆಟ್ಟಿಲು ಹತ್ತುವವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅವರ ಬಗ್ಗೆ ನನಗೆ ಕನಿಕರವಿಲ್ಲ. ಅವರು ಎಣಿಸಿ ಎಣಿಸಿ ಬಿಸಾಡಿದ ಆಮೆಗಳ ಬಗ್ಗೆ ಇದೆ.

'ಆಮೆ ಏನು, ಎಲ್ಲ ಕೆರೆಯಲ್ಲೂ ಇದೆ' ಎಂಬುದು ನಾನು ಕಚೇರಿಯಲ್ಲಿ ಕೇಳಿದ, ನಾನೂ ಆಡಿದ ಮಾತು. ಈ ಮಾತನ್ನು ನಮಗಿಂತ ಮೊದಲು ಆಡಿದವರು ಇದ್ದಾರೆ. ನಮ್ಮ ಕರಿ ಆಮೆಯ ದಾಯಾದಿಗಳು ಪೂರ್ವ ಏಷ್ಯಾದಲ್ಲಿವೆ: ಪೆಟ್ಟಿಗೆ ಆಮೆಗಳು. ಹೊಟ್ಟೆಯ ಚಿಪ್ಪಿಗೆ ಅಡ್ಡಲಾಗಿ ಒಂದು ಕೀಲು; ಅಪಾಯ ಬಂದರೆ ಮುಂದೆ ಹಿಂದೆ ಎರಡೂ ಕಡೆ ಮುಚ್ಚಿಕೊಂಡು ಪೆಟ್ಟಿಗೆಯೇ ಆಗಿಬಿಡುತ್ತವೆ. ನಾಯಿ ನರಿಗಳಿಂದ ತಪ್ಪಿಸಿಕೊಳ್ಳಲು ಅದು ಸಾಕಾಗಿತ್ತು. ಗೋಣಿಚೀಲ ಹಿಡಿದು ಬಂದವನಿಗೆ ಮಾತ್ರ ತಾನಾಗಿ ಮುಚ್ಚಿಕೊಂಡ ಪ್ರಾಣಿಗಿಂತ ಅನುಕೂಲ ಬೇರಿಲ್ಲ. 1990ರ ದಶಕದಲ್ಲಿ ಚೀನಾದ ಮಾರುಕಟ್ಟೆಗಳಿಗೆ ಏಷ್ಯಾದ ಮೂಲೆ ಮೂಲೆಗಳಿಂದ ಆಮೆಗಳು ಟನ್ನುಗಟ್ಟಲೆ ಹೋದವು. ಮಾಂಸಕ್ಕೆ, ಔಷಧಕ್ಕೆ, ಚಿಪ್ಪು ಕುದಿಸಿ ಮಾಡುವ ಕಪ್ಪು ಲೋಳೆಗೆ. ಮೂರು ಗೆರೆಯ ಪೆಟ್ಟಿಗೆ ಆಮೆಯಂತೂ ಚಿನ್ನದ ನಾಣ್ಯ ಎಂಬ ಹೆಸರಿಗೆ ತಕ್ಕ ಬೆಲೆ ಪಡೆದು ಕಾಡಿನಿಂದ ಬಹುತೇಕ ಖಾಲಿಯಾಯಿತು. ಝೌ ಪೆಟ್ಟಿಗೆ ಆಮೆ ಎಂಬ ಇನ್ನೊಂದು ಜಾತಿಯ ಕಥೆ ಕೇಳಿ. 1990ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ವಿವರಿಸಿದ್ದು ಮಾರುಕಟ್ಟೆಯಲ್ಲಿ ಸಿಕ್ಕ ಆಮೆಗಳನ್ನು ನೋಡಿ. ಅದು ಹುಟ್ಟಿ ಬೆಳೆದ ಕಾಡು ಯಾವುದು, ಹಳ್ಳ ಯಾವುದು ಎಂಬುದನ್ನು ಇವತ್ತಿನವರೆಗೆ ಒಬ್ಬ ವಿಜ್ಞಾನಿಯೂ ಕಂಡಿಲ್ಲ. ಮಾರುವವನಿಗೆ ಗೊತ್ತಿದ್ದ ಊರು ನಕ್ಷೆಗೆ ಸೇರುವ ಮೊದಲೇ ಅಲ್ಲಿಯ ನಿವಾಸಿ ಮುಗಿದುಹೋಗಿರಬಹುದು. ಪೆಟ್ಟಿಗೆ ಆಮೆಗಳ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಗೆ ಸೇರಿಸಿದ್ದು 2000ದಲ್ಲಿ. ಊಟ ಮುಗಿದ ಮೇಲೆ ಎಲೆ ಹಾಕಿದಂತಾಯಿತು.

ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ನಮ್ಮಲ್ಲಿ ಅಂಥ ಮಾರುಕಟ್ಟೆ ಇಲ್ಲ, ಪುಣ್ಯ. ಆದರೆ ಆಮೆಯ ಲೆಕ್ಕಾಚಾರ ಎಲ್ಲ ಕಡೆ ಒಂದೇ. ಮರಿಗಳಲ್ಲಿ ಬಹುಪಾಲು ಬೆಳ್ಳಕ್ಕಿಗೆ, ಕಾಗೆಗೆ, ಮುಂಗುಸಿಗೆ ಹೋಗುತ್ತವೆ. ಉಳಿದು ದೊಡ್ಡದಾದ ಒಂದು ಹೆಣ್ಣು ವರ್ಷ ವರ್ಷವೂ ಮೊಟ್ಟೆಯಿಟ್ಟು ಆ ನಷ್ಟವನ್ನು ತುಂಬಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮರಿ ಬಡ್ಡಿ, ತಾಯಿ ಅಸಲು. ಕೆಸರಿನಲ್ಲಿ ಮಲಗಿರುವವು ಅಸಲಿನ ಆಮೆಗಳು. ಒಂದು ಬೇಸಿಗೆಯಲ್ಲಿ ಕೆರೆಯ ಅಸಲನ್ನೆಲ್ಲ ಟಿಪ್ಪರಿಗೆ ತುಂಬಿದರೆ ಆಮೇಲೆ ಎಷ್ಟು ಒಳ್ಳೆಯ ಮಳೆ ಬಂದರೂ ಆ ಕೆರೆಯಲ್ಲಿ ಆಮೆ ತಾನಾಗಿ ಹುಟ್ಟುವುದಿಲ್ಲ. ಮೀನಿನ ಮರಿ ತಂದು ಬಿಡುತ್ತೀರಿ. ಆಮೆಯ ಮರಿ ಮಾರುವ ಸರ್ಕಾರಿ ಕೇಂದ್ರ ಎಲ್ಲಿದೆ?

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಮೆತ್ತನೆ ಚಿಪ್ಪಿನ ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಆ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥ ಕೊಲ್ಲುವುದಕ್ಕೆ ಮುಗಿಯುವುದಿಲ್ಲ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ ಗೂಡು ಕದಡುವುದೂ ಅದರೊಳಗೆ ಬರುತ್ತದೆ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಸೆರೆ. ಹಾಗೆಂದು ಹೂಳೆತ್ತಿದ ಎಂಜಿನಿಯರರನ್ನು ಜೈಲಿಗೆ ಹಾಕಿ ಎಂದು ಯಾರೂ ಕೇಳುತ್ತಿಲ್ಲ, ಕೇಳಿದರೆ ಮೊದಲು ಹೋಗಬೇಕಾದವನು ನಾನು. ವಿಪರ್ಯಾಸ ಬೇರೆ ಇದೆ. ಪ್ರಾಣಿ ಹುಲಿಯ ಪಂಕ್ತಿಯಲ್ಲಿದೆ, ಅದರ ಮನೆಗೆ ಮಾತ್ರ ದಿಕ್ಕಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೂ ಕುಡಿಯುವ ನೀರಿಗೆಂದೂ ಮನುಷ್ಯರು ಕಟ್ಟಿದ ಜಲಮೂಲಗಳನ್ನು ಹೊರಗಿಟ್ಟಿವೆ. ರಾಜ್ಯದ 36,000ಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದವರು ಮನುಷ್ಯರೇ ತಾನೆ! ನೂರಾರು ವರ್ಷದ ಹಿಂದೆ ಕಟ್ಟಿದ್ದಾದರೂ ನಿಯಮದ ಕಣ್ಣಿಗೆ ಅದು ನೀರಿನ ತೊಟ್ಟಿ.

2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ಬಂದದ್ದು ನೆನಪಿದೆಯೇ? ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿ ಅಲ್ಲಿ ಸೇರಿದ್ದವು. ಅಲ್ಲಿಯವರು ಸಾಕಿ ಸಲಹಿ, ತಪಾಸಣೆ ಮಾಡಿಸಿ ತವರಿಗೆ ಕಳಿಸಿದರು. ಸುದ್ದಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಓದುತ್ತಿದ್ದಾಗ ನನ್ನ ಕಣ್ಣಮುಂದೆ ಬಂದದ್ದು ಟಿಪ್ಪರಿನಲ್ಲಿ ಹೋದ ನಮ್ಮ ಕೆರೆಯ ಆಮೆ. ನಕ್ಷತ್ರ ಆಮೆಯ ಮೈಮೇಲೆ ಚಿತ್ತಾರವಿದೆ, ಇದರ ಮೈಮೇಲೆ ಕೆಸರಿದೆ. ಇನ್ನೊಂದು ಮಾತು, ಪತ್ರದ ವಿಷಯಕ್ಕೆ ಸೇರದಿದ್ದರೂ ಹೇಳಿಬಿಡುತ್ತೇನೆ: ರಸ್ತೆಯಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ದಯವಿಟ್ಟು ಕೆರೆಗೆ ಬಿಡಬೇಡಿ. ಅದು ಕುರುಚಲು ಕಾಡಿನ ಪ್ರಾಣಿ. ಈಜು ಬಾರದೆ ಮುಳುಗಿ ಸಾಯುತ್ತದೆ. ಪುಣ್ಯ ಕಟ್ಟಿಕೊಂಡೆನೆಂದು ನೀವು ಮನೆಗೆ ಹೋಗಿರುತ್ತೀರಿ.

ಈಗ ದಡದ ವಿಷಯ. ನನ್ನ ಅನುಭವದಲ್ಲಿ ಕೆಸರಿಗಿಂತ ದೊಡ್ಡ ತೊಂದರೆ ಇದೇ, ಏಕೆಂದರೆ ಹೂಳೆತ್ತುವುದು ಹತ್ತು ವರ್ಷಕ್ಕೊಮ್ಮೆ. ಕಟ್ಟಿದ ಕಲ್ಲು ಶಾಶ್ವತ.

ಏರಿಯ ಒಳಮೈಗೆ ಕಲ್ಲು ಹೊದಿಸುವುದು ಬೇಕೇ ಬೇಕು. ಅಲೆಗೆ ಮಣ್ಣು ಕೊರೆಯದಂತೆ ತಡೆಯುವುದು ಅದು, ಅಲ್ಲಿ ನಾನು ಒಂದು ಚದರ ಮೀಟರನ್ನೂ ಬಿಡಿ ಎನ್ನುವುದಿಲ್ಲ. ಆದರೆ ಕೆರೆಗೆ ಏರಿ ಇರುವುದು ಒಂದೇ ಕಡೆ. ಮಿಕ್ಕ ಕಡೆ ನೆಲ ನಿಧಾನವಾಗಿ ಏರುತ್ತಾ ಜೊಂಡು, ಹುಲ್ಲು, ಹೊಲ ಎಂದು ಬಿಡಿಸಿಕೊಂಡು ಹೋಗುತ್ತದೆ. ಎಲ್ಲಿ ಕೆರೆ ಮುಗಿಯಿತು, ಎಲ್ಲಿ ಹೊಲ ಶುರುವಾಯಿತು ಎಂದು ಸರ್ವೆಯವರಿಗೂ ಹೇಳಲಾಗದ ಆ ಪಟ್ಟಿಯೇ ಆಮೆಯ ಹೆರಿಗೆ ಮನೆ. ಹೆಣ್ಣು ಆಮೆ ನೀರಿನಿಂದ ಮೇಲೆ ಹತ್ತಿ, ಹಿಂಗಾಲಿನಲ್ಲಿ ಹೂಜಿಯಾಕಾರದ ಗುಳಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಹೊಟ್ಟೆಯಿಂದ ಒತ್ತಿ ಸಮ ಮಾಡಿ ಹೋಗುತ್ತದೆ. ಮೆತ್ತನೆಯ ಆಮೆಯ ಮೊಟ್ಟೆ ದುಂಡಗೆ ಗೋಲಿಯಂತೆ, ಕರಿ ಆಮೆಯದು ಉದ್ದಕ್ಕೆ. ಮೆತ್ತನೆಯದರ ಮೊಟ್ಟೆಯೊಳಗಿನ ಪಿಂಡ ಬೆಳವಣಿಗೆ ನಿಲ್ಲಿಸಿ ಕಾಲಕ್ಕಾಗಿ ಕಾಯುತ್ತದೆ; ಮರಿ ಹೊರಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ದಿನವೂ ಆ ಮಣ್ಣು ಹಾಗೇ ಇರಬೇಕು.

ಈಗ ಅಭಿವೃದ್ಧಿಯಾದ ಯಾವುದಾದರೂ ಪಟ್ಟಣದ ಕೆರೆಗೆ ಹೋಗಿ ನೋಡಿ. ಸುತ್ತಲೂ ವೃತ್ತಾಕಾರದ ಏರಿ, ಒಳಗೆ ಎಪ್ಪತ್ತು ಡಿಗ್ರಿಯ ಕಲ್ಲುಗೋಡೆ, ಮೇಲೆ ನಡಿಗೆ ಪಥ, ಅದರಾಚೆ ತಂತಿಬೇಲಿ. ಸಾರಿನ ಬೋಗುಣಿ. ಬೋಗುಣಿಯೊಳಗೆ ಆಮೆ ಬದುಕಬಹುದು, ನಮ್ಮ ಬಾವಿಯ ಆಮೆ ಬದುಕಿದ ಹಾಗೆ. ಮೊಟ್ಟೆಯಿಡಲು ಗೋಡೆ ಹತ್ತಲಾರದು. ಹೇಗೋ ಹತ್ತಿದರೂ ಬೇಲಿ ದಾಟಲಾರದು. ಸಂಜೆ ನಡಿಗೆಗೆ ಬಂದವರು 'ನೋಡಿ, ಈ ಕೆರೆಯಲ್ಲಿ ಆಮೆ ಇದೆ' ಎಂದು ಮಕ್ಕಳಿಗೆ ತೋರಿಸುತ್ತಾರೆ. ಇರುತ್ತದೆ, ಇನ್ನೂ ಇಪ್ಪತ್ತು ಮೂವತ್ತು ವರ್ಷ. ಅದೇ ಆಮೆ.

ಅಸ್ಸಾಮಿನ ದೇವಸ್ಥಾನಗಳ ಕೊಳಗಳಲ್ಲಿ ಇದರದೇ ಪಾಠವಿದೆ. ಕಪ್ಪು ಮೆತ್ತನೆ ಚಿಪ್ಪಿನ ಆಮೆ ಎಂಬ ಜಾತಿಯನ್ನು 2002ರಲ್ಲಿ ಕಾಡಿನಲ್ಲಿ ಅಳಿದುಹೋಗಿದೆ ಎಂದು ಘೋಷಿಸಿದ್ದರು. ಅದು ಉಳಿದಿದ್ದದ್ದು ಹಾಜೋದ ಹಯಗ್ರೀವ ಮಾಧವ, ನಾಗಶಂಕರ ಮುಂತಾದ ದೇವಾಲಯಗಳ ಕೊಳಗಳಲ್ಲಿ, ಭಕ್ತರು ಕೊಟ್ಟ ತಿನಿಸು ತಿಂದುಕೊಂಡು. ಕೂರ್ಮಾವತಾರ ಎಂಬ ಭಕ್ತಿ ಒಂದು ಜಾತಿಯನ್ನೇ ಕಾಪಾಡಿತು. ಆದರೆ ಭಕ್ತಿಯಿಂದ ಮೊಟ್ಟೆ ಮರಿಯಾಗುವುದಿಲ್ಲ, ಮಣ್ಣು ಬೇಕು. ದಡಕ್ಕೆ ಜಾಗ ಮಾಡಿಕೊಟ್ಟು, ಮೊಟ್ಟೆಗಳನ್ನು ಕಾಪಾಡಿದ ಮೇಲೆ ನಾಗಶಂಕರದ ಕೊಳದ ಮರಿಗಳು ಪೊಬಿತೋರಾ ಅಭಯಾರಣ್ಯ ಸೇರಿದವು. ಬ್ರಹ್ಮಪುತ್ರಾ ಬಯಲಿನಲ್ಲಿ ಕಾಡಿನ ಆಮೆಗಳೂ ಆಮೇಲೆ ಪತ್ತೆಯಾಗಿವೆ.

ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಏರಿಯ ಎದುರು ಬದಿಯನ್ನು ಬಿಟ್ಟುಬಿಡಿ. ಅಷ್ಟೇ. ಅಲ್ಲಿ ಕಲ್ಲು ಬೇಡ, ಇಂಟರ್‌ಲಾಕ್ ಬೇಡ, ದೀಪದ ಕಂಬ ಬೇಡ. ಒತ್ತುವರಿಯ ಭಯದಿಂದ ಬೇಲಿ ಹಾಕಲೇಬೇಕಾದರೆ ತಂತಿಯ ಕೆಳಗೆ ಒಂದು ಗೇಣು ಖಾಲಿ ಬಿಡಿ. ಒತ್ತುವರಿ ಮಾಡುವವನು ಒಂದು ಗೇಣಿನ ಸಂದಿಯಲ್ಲಿ ನುಸುಳುವುದಿಲ್ಲ; ಅವನು ಬರುವುದು ಗೇಟಿನಿಂದಲೇ, ಕಾಗದಪತ್ರದ ಜೊತೆ.

ಬೆಂಗಳೂರಿನ ಮಿತ್ರರಿಗೆ ಒಂದು ಮಾತು ಬೇರೆ. ನಿಮ್ಮ ಕೆರೆಗಳಲ್ಲಿ ಕೊರಡಿನ ಮೇಲೆ ಬಿಸಿಲು ಕಾಯುವ ಆಮೆಯ ಕಣ್ಣಿನ ಹಿಂದೆ ಕೆಂಪು ಪಟ್ಟೆ ಕಂಡರೆ ಅದು ನಮ್ಮದಲ್ಲ. ಅಮೆರಿಕದ ಮಿಸಿಸಿಪಿ ಕಡೆಯದು. ನಾಣ್ಯದಷ್ಟಿದ್ದಾಗ ಗಾಜಿನ ತೊಟ್ಟಿಗೆ ತಂದದ್ದು, ತಟ್ಟೆಯಷ್ಟಾದಾಗ ರಾತ್ರೋರಾತ್ರಿ ಕೆರೆಗೆ ಬಿಟ್ಟದ್ದು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೊಂದು ಸ್ಥಾನವಿದೆ. ನಮ್ಮ ಕರಿ ಆಮೆಯ ಕೊರಡು, ಮೇವು ಎರಡಕ್ಕೂ ಅದು ಪಾಲುದಾರ. ವಾಸ್ತುವಿಗೆಂದು ತಂದವರು ವಾಸ್ತುವಿನೊಳಗೇ ಇಟ್ಟುಕೊಳ್ಳಲಿ.

ಇನ್ನು ನಿಮ್ಮಿಂದ ಬರಬಹುದಾದ ಆಕ್ಷೇಪ. ನನಗದು ಬಾಯಿಪಾಠ: ಸಮಯವಿಲ್ಲ, ಹಣವಿಲ್ಲ, ಆಮೆ ಹುಡುಕಲು ಗೊತ್ತಿರುವವರು ಇಲ್ಲ. ಕೊನೆಯದು ಸುಳ್ಳು. ಪ್ರತಿ ಊರಿನಲ್ಲೂ ಇದ್ದಾರೆ. ಕೆರೆಯಂಗಳದಲ್ಲಿ ಕೋಲು ಊರುತ್ತಾ ನಡೆಯುತ್ತಾರೆ. ಕೆಸರಿಗೆ ಕೋಲು ಇಳಿಯುವ ಸದ್ದು ಬೇರೆ, ಕಲ್ಲಿಗೆ ತಾಗುವುದು ಬೇರೆ, ಚರ್ಮದಡಿಯ ಮೂಳೆಗೆ ತಾಗಿದಾಗ ಬರುವ ಮಂಕು ಸದ್ದು ಬೇರೆ. ಆ ವಿದ್ಯೆಯನ್ನು ಇಷ್ಟು ದಿನ ಹಿಡಿದು ತಿನ್ನಲು ಬಳಸಿದ್ದಾರೆ, ಸಿಕ್ಕಿಬಿದ್ದರೆ ಕೇಸು ಹಾಕಿಸಿಕೊಂಡಿದ್ದಾರೆ. ಅದೇ ವಿದ್ಯೆಗೆ ಕೂಲಿ ಕೊಡಿ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ನಾಲ್ಕು ಜನ, ಮೂರು ದಿನ: 4,440 ರೂಪಾಯಿ. ಒಂದು ಯಂತ್ರದ ಒಂದು ದಿನದ ಬಾಡಿಗೆಗೂ ಇದು ಸಾಲದು. ಸಮಯದ ಮಾತಿಗೆ ಬಂದರೆ, ಯಂತ್ರ ಬರುವ ಮೊದಲಿನ ಮೂರು ದಿನ ಕೆರೆ ಖಾಲಿಯೇ ಬಿದ್ದಿರುತ್ತದೆ. ಗುತ್ತಿಗೆದಾರ ಹೇಳಿದ ದಿನಕ್ಕೆ ಯಂತ್ರ ತಂದದ್ದನ್ನು ನನ್ನ ಸೇವೆಯಲ್ಲಿ ನಾನಂತೂ ಕಂಡಿಲ್ಲ.

ಸಿಕ್ಕ ಆಮೆಯನ್ನು ಏನು ಮಾಡುವುದು? ದೂರದ ಇನ್ನೊಂದು ಕೆರೆಗೆ ಸಾಗಿಸಬೇಡಿ, ಬಾವಿಗೆ ಹಾಕಬೇಡಿ, ಫೋಟೊ ತೆಗೆಸಿಕೊಳ್ಳುವ ಸಮಾರಂಭ ಮಾಡಬೇಡಿ. ಅದೇ ಕೆರೆಯಲ್ಲಿ, ಈ ವರ್ಷ ಅಗೆಯದೆ ಉಳಿಸಿದ ತಗ್ಗಿನ ಕೆಸರಿಗೆ ಬಿಡಿ. ಅಲ್ಲಿ ಅರಣ್ಯ ಇಲಾಖೆಯ ವಲಯ ಕಚೇರಿಯಿಂದ ಒಬ್ಬರು ಇರಲಿ. ಹಾಗೆ ಬಿಡಬೇಕೆಂದರೆ ಒಂದು ತಗ್ಗು ಉಳಿದಿರಬೇಕು. ಇಡೀ ಕೆರೆಯನ್ನು ಒಂದೇ ಬೇಸಿಗೆಗೆ ಬಳಿಯುವ ಆತುರವನ್ನು ಬಿಟ್ಟರೆ ಅದೂ ಆಗುತ್ತದೆ. ಕಾಲುಭಾಗ ಮುಂದಿನ ವರ್ಷಕ್ಕಿರಲಿ. ಹೂಳು ಎಲ್ಲಿಗೂ ಓಡಿಹೋಗುವುದಿಲ್ಲ.

ಅಂದಾಜು ಪಟ್ಟಿಯ ಭಾಷೆಯಲ್ಲಿ ಬರೆದುಕೊಡದಿದ್ದರೆ ಯಾವುದೂ ನಡೆಯುವುದಿಲ್ಲ ಎಂಬುದು ನನಗೆ ಗೊತ್ತು. ಹಾಗಾಗಿ ಬರೆದೇ ಕೊಡುತ್ತೇನೆ, ನಕಲು ಮಾಡಿಕೊಳ್ಳಿ:

'ಯಂತ್ರ ಇಳಿಸುವ ಮುನ್ನ ತೂಬಿನ ಮುಂದಿನ ತಗ್ಗು ಹಾಗೂ ತೇವ ಉಳಿದಿರುವ ಎಲ್ಲ ಭಾಗಗಳನ್ನು ಸ್ಥಳೀಯ ಅನುಭವಿಗಳಿಂದ ಕೋಲು ಊರಿ ಪರಿಶೀಲಿಸುವುದು, ಕೆಸರಿನಲ್ಲಿರುವ ಆಮೆಗಳನ್ನು ಕೈಯಿಂದ ತೆಗೆದು ಅದೇ ಕೆರೆಯ ಅಗೆಯದ ಭಾಗಕ್ಕೆ ಅರಣ್ಯ ಸಿಬ್ಬಂದಿಯ ಸಮಕ್ಷಮ ಸ್ಥಳಾಂತರಿಸುವುದು, ಅಗೆಯುವಾಗ ಬಕೆಟ್ಟಿನ ಮುಂದೆ ಒಬ್ಬ ಕಾವಲುಗಾರನನ್ನು ನಿಲ್ಲಿಸುವುದು, ಸಿಕ್ಕ ಆಮೆಗಳ ಸಂಖ್ಯೆಯನ್ನು ಅಳತೆ ಪುಸ್ತಕದಲ್ಲಿ ದಾಖಲಿಸುವುದು, ಕೂಲಿ ಸೇರಿ, ಪೂರ್ಣ.'

ಇದನ್ನು ಪಟ್ಟಿಯ ಕೊನೆಗೆ, ನಾಮಫಲಕದ ಬಾಬ್ತಿನ ಪಕ್ಕದಲ್ಲಿ ತುರುಕಬೇಡಿ. ಅಲ್ಲಿ ಬರೆದದ್ದು ಕೆಲಸ ಮುಗಿದ ಮೇಲೆ ನೆನಪಾಗುತ್ತದೆ. ನಮ್ಮ ಪಟ್ಟಿಗಳಲ್ಲಿ ಮೊದಲ ಬಾಬ್ತು ಗಿಡಗಂಟಿ ಸವರುವುದು. ಅದಕ್ಕೂ ಮೇಲೆ ಬರೆಯಿರಿ. ಯಾವ ದರಪಟ್ಟಿಯಲ್ಲಿದೆ ಎಂದು ಲೆಕ್ಕಪರಿಶೋಧಕರು ಕೇಳಿದರೆ ನನ್ನ ಕಡೆ ಕಳುಹಿಸಿ. ಅವರಿಗೆ ಉತ್ತರ ಕೊಟ್ಟು ಅಭ್ಯಾಸವಿದೆ.

ನಿಮ್ಮ ತಾಲೂಕಿನಲ್ಲಿ ಈ ಬೇಸಿಗೆ ಕೆಲಸ ಶುರುವಾಗುವ ಕೆರೆ ತುಮಕೂರಿನ ಸುತ್ತಮುತ್ತ ಇದ್ದರೆ ದಿನ ತಿಳಿಸಿ, ಬರುತ್ತೇನೆ. ಮೊಣಕಾಲು ಮೊದಲಿನಂತಿಲ್ಲ, ಕೆಸರಿಗೆ ಇಳಿಯಲಾರೆ. ಏರಿಯ ಮೇಲೆ ಕೂತು ಎಣಿಸುವ ಕೆಲಸವನ್ನಾದರೂ ಮಾಡಬಲ್ಲೆ. 2006ರಲ್ಲಿ ಅದನ್ನೇ ಮಾಡಿರಲಿಲ್ಲ.

ಇಂತಿ,
ನಿವೃತ್ತ ಸಹಾಯಕ ಎಂಜಿನಿಯರ್